ಹೊಳೆಗೆ ಬಿಟ್ಟ ಸೀತೆ

ಹೊಳೆ ಬಳಸಿ ತಿರುಗುವ ಕಡೆ, ಗುಂಡುಕಲ್ಲುಗಳ ನಡುವೆ ಒಂದು ಮಠವಿತ್ತು.

ಅಲ್ಲಿ ಗುಡಿ ಇರಲಿಲ್ಲ, ಗಂಟೆ ಇರಲಿಲ್ಲ. ಒಂದು ಬಿಳಿ ಪರದೆ, ಒಂದು ಹರಳೆಣ್ಣೆ ದೀಪ, ಒಂದು ಪೆಟ್ಟಿಗೆ ತುಂಬ ತೊಗಲುಗೊಂಬೆಗಳು. ಜನ ಅದನ್ನು ಗೊಂಬೆಮಠ ಎನ್ನುತ್ತಿದ್ದರು. ಗುರುವನ್ನು ಅಜ್ಜ ಎನ್ನುತ್ತಿದ್ದರು.

ಅಜ್ಜನ ಬಳಿ ಕಲಿಯಲು ಬಂದವರಲ್ಲಿ ನೀಲಗಂಗೆಯ ದನಿ ದೊಡ್ಡದು, ಹಟ ಅದಕ್ಕಿಂತ ದೊಡ್ಡದು. ಆಟಕ್ಕೆ ಮೊದಲು ಹೆಸರು ಹೇಳುವ ಹಾಡು ಅವಳ ಪಾಲಿಗೆ ಬಂದಿತ್ತು. ಮೊದಲು ಗಣಪನ ಹೆಸರು, ಆಮೇಲೆ ಸರಸ್ವತಿಯ ಹೆಸರು, ಕಡೆಗೆ ಗೊಂಬೆ ಮಾಡಿದವರ ಹೆಸರು. ಹಾಡಿನ ಕೊನೆಯ ಸಾಲು ಹೀಗಿತ್ತು:

“ಸೀತಮ್ಮಗೆ ಮುಖ ಕೊಟ್ಟ ರಾಚಪ್ಪನ ಕೈಗೆ ಶರಣು.”

ಆ ಸಾಲನ್ನು ನೀಲ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಆ ಸಾಲು ಬಂದಾಗಲೆಲ್ಲ ಅಜ್ಜ ದೀಪದ ಬತ್ತಿ ಸರಿಮಾಡಲು ಬಗ್ಗುತ್ತಿದ್ದ. ಬತ್ತಿ ಸರಿಯಾಗಿಯೇ ಇರುತ್ತಿತ್ತು.

ರಾಚಪ್ಪ ಅಜ್ಜನ ಗುರು. ತೀರಿಹೋಗಿ ಬಹಳ ಕಾಲವಾಗಿತ್ತು. ಅವನು ಮಾಡಿದ ಗೊಂಬೆಗಳಲ್ಲಿ ಉಳಿದಿದ್ದು ಈ ಸೀತೆ ಒಂದೇ.

ಬೇರೆ ಗೊಂಬೆಗಳ ಕಣ್ಣು ಅಗಲ, ನೋಟ ನೇರ. ಈ ಸೀತೆಯ ರೆಪ್ಪೆ ಬಾಗಿತ್ತು. ಬೆಂಕಿ ಹೊಗುವ ಆಟದಲ್ಲಿ ಅವಳು ಪರದೆಗೆ ಬಂದರೆ, ಮುಂದೆ ಕೂತ ಗಂಡಸರೂ ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಅವಳ ಮೈತುಂಬ ಒಡವೆ. ಒಡವೆ ಎಂದರೆ ಉಳಿಯಿಂದ ಕೊರೆದ ಸಣ್ಣ ತೂತುಗಳು. ದೀಪದ ಬೆಳಕು ಅವುಗಳಲ್ಲಿ ನುಸುಳಿ ಪರದೆಯ ಮೇಲೆ ಮುತ್ತಾಗುತ್ತಿತ್ತು.

ಒಂದು ಮುಂಜಾನೆ ನೀಲ ಬಟ್ಟೆ ಒಗೆಯಲು ಹೊಳೆಗೆ ಹೋದಳು. ಆಚೆ ದಡದ ಊರಿನಿಂದ ಬಳೆ ಮಾರುವ ಸಾತವ್ವ ಅಲ್ಲಿ ಕೂತು ಕಾಲು ತೊಳೆಯುತ್ತಿದ್ದಳು.

“ನಿನ್ನೆ ಆಟ ನೋಡಿದೆ ತಂಗಿ. ಏನು ದನಿ, ಏನು ದನಿ! ಆ ಹೆಸರು ಹೇಳೂ ಮುಂದ ಮಾತ್ರ ನನಗ ಎದ್ದು ಹೋಗೂ ಹಂಗ ಆತು.”

“ಯಾವ ಹೆಸರು?”

“ರಾಚಪ್ಪಂದು. ಹೇಣ್ತಿ ಕೈ ದೀಪಕ್ಕ ಹಿಡದಾಂವಗ ಶರಣು ಅಂತೀಯಲ್ಲ, ನಿನಗ ನಾಚಿಕಿ ಬರೂದಿಲ್ಲೇನು?”

ನೀಲಳ ಕೈಯಲ್ಲಿದ್ದ ಸೀರೆ ಕಲ್ಲಿನ ಮೇಲೆ ಹಾಗೇ ನಿಂತಿತು.

“ನಮ್ಮವ್ವ ಆಗ ಅಲ್ಲೇ ಇದ್ಲು. ಹುಲಿಗೆವ್ವ ಅಂತ ರಾಚಪ್ಪನ ಹೇಣ್ತಿ ಹೆಸರು. ಅಂವ ಗೊಂಬಿ ಬರೀತಿದ್ದ, ಆಕಿ ತೂತು ಕೊರೀತಿದ್ಲು. ಯಾರೋ ಒಬ್ಬರು ಗೌಡರು ಗೊಂಬಿ ನೋಡಾಕ ಬಂದಾವರು, ಬಣ್ಣಕ್ಕಿಂತ ಕೊರದದ್ದು ಛಲೋ ಐತಿ, ಯಾರ ಕೈ ಅದು ಅಂತ ಕೇಳಿದ್ರಂತ. ಅಷ್ಟ. ಗೌಡರು ಹೋದ ಮ್ಯಾಲ ಆ ಕೈ ಹಿಡದು ದೀಪದ ಮ್ಯಾಲ ಇಟ್ಟ. ಬೆರಳು ಒಂದಕ್ಕೊಂದು ಅಂಟೂತನಕ ಬಿಡಲಿಲ್ಲ.”

“ಸುಳ್ಳು.”

“ಸುಳ್ಳಾದ್ರ ನಿಮ್ಮ ಅಜ್ಜನ್ನ ಕೇಳು. ಅಂವನೂ ಅಲ್ಲೇ ಇದ್ದ.”

ನೀಲ ಒಗೆದದ್ದು ಒಗೆಯದ್ದು ಎಲ್ಲ ಒಂದೇ ಗಂಟು ಕಟ್ಟಿಕೊಂಡು ಮಠಕ್ಕೆ ಬಂದಳು.

ಅಜ್ಜ ಹಲಗೆಯ ಮೇಲೆ ಆಡಿನ ತೊಗಲು ಹರಡಿ ಹೆರೆಯುತ್ತಿದ್ದ.

“ಅಜ್ಜಾ, ರಾಚಪ್ಪ ಹೇಣ್ತಿ ಕೈ ಸುಟ್ಟಿದ್ದು ಖರೇ ಏನ್ರಿ?”

“ಖರೆ.”

“ನಿಮಗ ಗೊತ್ತಿತ್ತು?”

“ಗೊತ್ತಿತ್ತು.”

“ಗೊತ್ತಿದ್ದೂ ನನ್ನ ಬಾಯಿಲೆ ಹಾಡಿಸಿದ್ರಿ!”

ಅಜ್ಜ ಹೆರೆಯುವುದನ್ನು ನಿಲ್ಲಿಸಲಿಲ್ಲ. ಕೈ ಮಾತ್ರ ಒಂದೇ ಜಾಗದಲ್ಲಿ ಓಡುತ್ತಿತ್ತು.

“ಇನ್ನ ಮ್ಯಾಲ ನಾ ಆ ಸಾಲು ಹಾಡಂಗಿಲ್ಲ.”

“ಹಾಡಬ್ಯಾಡ.”

“ಆ ಗೊಂಬಿನೂ ಪರದಿಗೆ ಬರಬಾರದು.”

“ಗೊಂಬಿ ಏನು ಮಾಡಿತು?”

“ಅಂವನ ಕೈಲೆ ಆದದ್ದು ಅದು. ಅದಕ್ಕ ಆರತಿ ಎತ್ತೀನಿ ನಾ. ಅದರ ಮುಂದ ಅತ್ತೀನಿ. ಬಾಯಿ ಹೊಲಸಾದಂಗ ಆಗೇತಿ ನನಗ.”

ಅಜ್ಜ ತೊಗಲನ್ನು ಎತ್ತಿ ಬಿಸಿಲಿಗೆ ಹಿಡಿದ. ಅದು ತೆಳ್ಳಗೆ ಹೊಳೆಯಿತು.

“ಇದರಾಗ ಆಡು ಎಷ್ಟು ಐತಿ, ನನ್ನ ಕೈ ಎಷ್ಟು ಐತಿ, ಗೆರಿ ಎಳದು ತೋರಿಸು.”

“ಒಗಟು ಬ್ಯಾಡ್ರಿ ಅಜ್ಜಾ! ಆ ಗೊಂಬಿ ಇಟ್ಟುಕೊಳ್ಳೂದು ಸರಿನೋ ತಪ್ಪೋ, ಅಷ್ಟ ಹೇಳ್ರಿ.”

“ಸುಟ್ಟದ್ದು ಯಾರ ಕೈ?”

“ಹುಲಿಗೆವ್ವಂದು.”

“ಆಕಿನ್ನ ಕೇಳಿದ್ಯಾ?”

“ಆಕಿ ಯಾವ ಊರಾಗ ಅದಾಳೋ, ಅದಾಳೋ ಇಲ್ಲೋ!”

“ಹಂಗಾರ ತಡಿ,” ಎಂದ ಅಜ್ಜ.

ಮರುದಿನ ನಸುಕಿನಲ್ಲೇ ಅಜ್ಜ ಕೋಲು ಹಿಡಿದು ಹೊಳೆಯ ಮೇಲುಗಡೆಗೆ ಹೊರಟ. ಎಲ್ಲಿಗೆ ಎಂದು ಹೇಳಲಿಲ್ಲ. ಬಾಗಿಲಲ್ಲಿ ನಿಂತ ನೀಲಳಿಗೆ, “ತಡಿ ಅಂದೀನಿ, ನೆನಪಿರಲಿ,” ಎಂದಷ್ಟೇ ಹೇಳಿದ.

ನೀಲ ತಡೆದಳು. ಒಂದು ದಿನ ತಡೆದಳು.

ಉತ್ತರ ಹೇಳಲಾಗದೆ ಅಜ್ಜ ಓಡಿಹೋದ ಎಂದು ಅವಳಿಗೆ ಅನ್ನಿಸತೊಡಗಿತು. ಊಟಕ್ಕೆ ಕೂತರೆ ತುತ್ತು ಒಳಗೆ ಇಳಿಯಲಿಲ್ಲ. ತಾನು ಕಣ್ಣು ಮುಚ್ಚಿ ಹಾಡಿದ್ದು, ಜನ ಭೇಷ್ ಎಂದದ್ದು, ತಾನು ಹಿಗ್ಗಿದ್ದು ಎಲ್ಲ ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು.

ಅವಳು ಪೆಟ್ಟಿಗೆ ತೆರೆದಳು.

ಪೆಟ್ಟಿಗೆಯಲ್ಲಿ ದೇವರ ಗೊಂಬೆಗಳು ಒಂದು ಕಡೆ, ರಾಕ್ಷಸರ ಗೊಂಬೆಗಳು ಒಂದು ಕಡೆ. ಒಂದನ್ನೊಂದು ತಾಕದ ಹಾಗೆ ನಡುವೆ ಬಣ್ಣವಿಲ್ಲದ ಬರೀ ತೊಗಲು. ಅದು ಮಠದ ವಾಡಿಕೆ. ನೀಲ ಸೀತೆಯನ್ನು ರಾಮನ ಪಕ್ಕದಿಂದ ತೆಗೆದು ರಾವಣನ ಪಕ್ಕಕ್ಕೆ ಹಾಕಿದಳು. ಮುಚ್ಚಳ ಹಾಕಿದಳು.

ಸ್ವಲ್ಪ ಹೊತ್ತಿಗೆ ಮತ್ತೆ ತೆರೆದಳು. ಅಲ್ಲಿಯೂ ಇರುವುದು ಬೇಡ ಎನ್ನಿಸಿತು.

ಗೊಂಬೆ ಹರಿದು, ಬೆಳಕು ಹಿಡಿಯದ ಹಾಗಾದಾಗ ಅದನ್ನು ಹೊಳೆಗೆ ಬಿಡುತ್ತಿದ್ದರು. ಅದಕ್ಕೊಂದು ಕ್ರಮವಿತ್ತು. ಗುರುವೇ ಕೀಲಿನ ದಾರ ಕತ್ತರಿಸಬೇಕು, ಬೆನ್ನಿನ ಕಡ್ಡಿ ಬಿಚ್ಚಬೇಕು. ಅರಿಸಿನ ಕುಂಕುಮ ಹಚ್ಚಬೇಕು. ಎಲ್ಲರೂ ದಡದಲ್ಲಿ ನಿಂತು ಕಳಿಸಿಕೊಡುವ ಹಾಡು ಹಾಡಬೇಕು. ಗೊಂಬೆ ತೇಲುತ್ತ ಕಣ್ಮರೆಯಾಗುವವರೆಗೆ ಯಾರೂ ಬೆನ್ನು ತಿರುಗಿಸಬಾರದು.

ಸೀತೆ ಹರಿದಿರಲಿಲ್ಲ.

ಬೆಳಗಾಗುತ್ತಲೇ ನೀಲ ಒಬ್ಬಳೇ ಹೊಳೆಗೆ ಹೋದಳು. ಕೀಲಿನ ದಾರ ಕತ್ತರಿಸಿದಳು. ತೋಳುಗಳು ಕಳಚಿ ಬಂದವು. ತೇಲಿಬಿಟ್ಟರೆ ಕೆಳಗಿನ ಒಗೆಯುವ ಕಲ್ಲಿಗೆ ಹೋಗಿ ತಗಲಿ, ಹೆಂಗಸರ ಕಣ್ಣಿಗೆ ಬೀಳುತ್ತದೆ. ಅವಳು ಮೈಯನ್ನೂ ತೋಳುಗಳನ್ನೂ ಒಟ್ಟಿಗೆ ಸುತ್ತಿ ಕಲ್ಲು ಕಟ್ಟಿದಳು. ಆನೆಗುಂಡು ಎಂಬ ಬಂಡೆಯ ಕೆಳಗಿನ ಮಡುವಿಗೆ ಎಸೆದಳು.

ಹಾಡಲಿಲ್ಲ. ಗುಳುಕ್ ಎಂದದ್ದು ಕೇಳಿದ ಮೇಲೆ ಬಾಯಿ ಮುಕ್ಕಳಿಸಿ ಉಗಿದು, ಬೆನ್ನು ತಿರುಗಿಸಿ ಬಂದಳು.

ಅಂದು ಮಧ್ಯಾಹ್ನ ಹೊಟ್ಟೆ ತುಂಬ ಉಂಡಳು. ಇನ್ನೊಂದು ರೊಟ್ಟಿ ಬೇಕೆನ್ನಿಸಿತು. ಅದನ್ನೂ ತಿಂದಳು.

ಎರಡು ದಿನದ ಮೇಲೆ ಅಜ್ಜ ಮರಳಿ ಬಂದದ್ದು ಎತ್ತಿನ ಬಂಡಿಯಲ್ಲಿ. ಜೊತೆಗೆ ಒಬ್ಬ ಮುದುಕಿ ಇದ್ದಳು. ಸಣ್ಣ ಮೈ, ದೊಡ್ಡ ಮೂಗುತಿ. ಬಲಗೈ ಸೆರಗಿನೊಳಗಿತ್ತು.

ನೀಲ ಓಡಿಹೋಗಿ ನೀರಿನ ತಂಬಿಗೆ ಬೆಲ್ಲ ತಂದಳು. ಮುದುಕಿ ಎಡಗೈಯಲ್ಲಿ ತಂಬಿಗೆ ಹಿಡಿದು ಗಟಗಟ ಕುಡಿದಳು.

“ಇಕಿನ ಏನು ಹಾಡಾಕಿ?”

“ಹೌದವ್ವ, ಇಕಿನ. ನೀಲಗಂಗಿ,” ಎಂದ ಅಜ್ಜ.

ಎಡಗೈಯಲ್ಲಿ ಕುಡಿದದ್ದು ನೋಡಿಯೇ ನೀಲಳಿಗೆ ತಿಳಿದುಹೋಗಿತ್ತು. ಅವಳು ಅಲ್ಲೇ ಮಣ್ಣಲ್ಲಿ ಕಾಲಿಗೆ ಬಿದ್ದಳು.

“ಏಳಬೇ, ಏಳು. ಬಂಡ್ಯಾಗ ಕುಂತು ಕಾಲು ಜೋಮು ಹಿಡದಾವ. ನೀ ಮುಟ್ಟಿದ್ದೂ ನನಗ ಗೊತ್ತಾಗಲಿಲ್ಲ.”

“ಹುಲಿಗೆವ್ವ ಅಂದ್ರ ನೀವ ಅಲ್ಲೇನ್ರಿ?”

“ನಾನ.”

ನೀಲ ಎದ್ದು ನಿಂತಳು. ಇಷ್ಟು ದಿನ ಎದೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು ತಾನಾಗಿ ಹೊರಬಂತು. ಅದರಲ್ಲಿ ಹೆಮ್ಮೆಯೂ ಇತ್ತು.

“ನಿಮಗಾದ ಅನ್ಯಾಯ ನನಗ ಗೊತ್ತಾತ್ರಿ ಅವ್ವಾ. ಅಂವನ ಗೊಂಬಿ ಈಗ ಈ ಮಠದಾಗ ಇಲ್ಲ. ನಾನ ಒಯ್ದು ಹೊಳಿಗೆ ಹಾಕಿದೆ.”

ಎತ್ತು ಕೊರಳು ಅಲ್ಲಾಡಿಸಿತು.

ಹುಲಿಗೆವ್ವ ತಿರುಗಿ ಅಜ್ಜನನ್ನು ನೋಡಿದಳು.

“ನೀ ನನ್ನ ಕರಕೊಂಡು ಬಂದದ್ದು ಯಾವ ಗೊಂಬಿ ನೋಡಾಕಪಾ?”

“ಅದನ್ನ ಅವ್ವ.”

“ಎಲುಬು ಸಡ್ಲ ಆಗೂ ಹಂಗ ಬಂಡ್ಯಾಗ ಕುಂದರಿಸಿಕೊಂಡು ಬಂದೆಲ್ಲ.”

“ಹೌದವ್ವ.”



ಅಜ್ಜ ನೀಲಳನ್ನು ಬೈಯಲಿಲ್ಲ. “ಹಾಡು ಹೇಳಿ ಕಳಿಸಿದ್ಯಾ?” ಎಂದು ಕೇಳಿದ.

“ಇಲ್ರಿ.”

“ತೇಲಿ ಹೋತೇನು?”

“ಇಲ್ರಿ. ಕಲ್ಲು ಕಟ್ಟಿದೆ.”

“ಎಲ್ಲಿ?”

“ಆನಿಗುಂಡಿನ ಕೆಳಗ. ಮಡುವಿನಾಗ.”

ಅಜ್ಜ ರುಮಾಲು ಬಿಚ್ಚಿ ಅವಳ ಕೈಗೆ ಕೊಟ್ಟ. ಕಚ್ಚೆ ಬಿಗಿದುಕೊಂಡು ಹೊಳೆಯ ಕಡೆ ನಡೆದ.

ನೀಲ ಹಿಂದೆಯೇ ಓಡಿದಳು. “ನಾ ಇಳೀತೀನ್ರಿ ಅಜ್ಜಾ! ಜಾಗ ನನಗ ಗೊತ್ತೈತಿ. ನೀರು ತಣ್ಣಗೈತ್ರಿ.”

“ನೀ ಬ್ಯಾಡ.”

“ನಾ ಹಾಕಿದ್ದು, ನಾನ ತಗೀತೀನಿ.”

“ನೀ ಆಕಿ ಪಕ್ಕ ಕೂಡು,” ಎಂದ ಅಜ್ಜ. “ನೀರಿಗೆ ಇಳಿಯೂದು ಸುಲಭ.”

ಹುಲಿಗೆವ್ವ ನಿಧಾನವಾಗಿ ದಡಕ್ಕೆ ಬಂದು ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಳು. ನೀಲ ರುಮಾಲನ್ನು ಎದೆಗೆ ಒತ್ತಿಕೊಂಡು ದೂರ ಕೂತಳು.

“ಹತ್ರ ಬಾ. ಕಚ್ಚಂಗಿಲ್ಲ. ಹಲ್ಲೆಲ್ಲಿ ಅದಾವ ನನಗ?”

ನೀಲ ಹತ್ತಿರ ಸರಿದಳು.

ಅಜ್ಜ ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ತಳ ತಡವುತ್ತಿದ್ದ.

“ಹುಷಾರಪಾ!” ಹುಲಿಗೆವ್ವ ಕೂಗಿದಳು. “ನೀನೂ ಒಳಗ ಹೋದ್ರ ನಿನ್ನ ಹುಡುಕಾಕ ಯಾರನ್ನ ಇಳಸೂದು?”

ನೀಲ ತಲೆ ಎತ್ತದೆ ಹೇಳಿದಳು. “ಅವ್ವಾ, ನಾ ನಿಮ್ಮ ಸಲುವಾಗಿ ಮಾಡಿದೆ.”

“ನನ್ನ ಸಲುವಾಗಿ? ನಾ ಯಾರು ಅಂತ ನಿನಗ ಗೊತ್ತಿತ್ತೇನು?”

“ಹೆಸರು ಗೊತ್ತಿತ್ರಿ.”

“ಹಾಂ. ಹೆಸರು ಗೊತ್ತಿದ್ದಾವರೆಲ್ಲ ನನ್ನ ಸಲುವಾಗಿ ಏನರ ಒಂದು ಮಾಡ್ಯಾರ. ನಮ್ಮಪ್ಪ ನನ್ನ ಸಲುವಾಗಿ ಅಂವನ ಜೋಡಿ ಜಗಳಾಡಿ ಬಂದ. ನಮ್ಮಣ್ಣ ನನ್ನ ಸಲುವಾಗಿ ಅಂವನ ಮಾತು ಮನ್ಯಾಗ ಎತ್ತಬಾರದು ಅಂದ. ಈಗ ನೀ. ಕೇಳಿ ಮಾಡಿದಾವರು ಒಬ್ಬರೂ ಇಲ್ಲ.”



ಹುಲಿಗೆವ್ವ ಸೆರಗಿನಿಂದ ಬಲಗೈ ಹೊರಗೆ ತೆಗೆದಳು. ಬೆರಳುಗಳು ಒಂದಕ್ಕೊಂದು ಅಂಟಿ, ಬಾಗಿ, ಬಾಳೆಯ ಹೂವಿನ ಮೊಗ್ಗಿನ ಹಾಗೆ ಮುಚ್ಚಿಕೊಂಡಿದ್ದವು. ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಆ ಸೀತಮ್ಮನ ಬಳಿ, ಡಾಬು, ಕೊರಳ ಸರ, ಮುಡಿಯಾಗಿನ ಹೂವು, ಎಲ್ಲಾ ಈ ಕೈಲೆ ಕೊರದೀನಿ. ಅದ ಕಡೀ ಕೆಲಸ. ಆಮ್ಯಾಲ ಉಳಿ ಹಿಡಿಯಾಕ ಆಗಲಿಲ್ಲ.”

ನೀಲಳಿಗೆ ಸಾತವ್ವನ ಮಾತು ನೆನಪಾಯಿತು. ಅಂವ ಬರೀತಿದ್ದ, ಆಕಿ ತೂತು ಕೊರೀತಿದ್ಲು. ಹೇಳಿದ್ದಳು. ನೀಲ ಕೇಳಿಸಿಕೊಂಡೂ ಇದ್ದಳು. ಆದರೆ ಕೈ ಸುಟ್ಟದ್ದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಸುಡುವ ಮೊದಲು ಆ ಕೈ ಏನು ಮಾಡಿತ್ತು ಎನ್ನುವುದು ಉಳಿಯಲಿಲ್ಲ. ಕೀಲಿನ ದಾರ ಕತ್ತರಿಸುವಾಗ ಆ ಬಳೆಯ ತೂತುಗಳ ಮೇಲೆಯೇ ತನ್ನ ಹೆಬ್ಬೆರಳು ಇತ್ತು.

“ಅದನ್ನ ನೋಡಾಕ ಬಂದ್ರೇನ್ರಿ ಅವ್ವಾ?”

“ಅದಕ್ಕಲ್ಲ. ನನ್ನ ಕೆಲಸ ನನಗ ಗೊತ್ತೈತಿ. ಕಣ್ಣು ಮುಚ್ಚಿದ್ರ ಒಂದೊಂದು ತೂತೂ ಹೇಳ್ತೀನಿ. ಮುಖ ನೋಡಾಕ ಬಂದೆ.”

“ರಾಚಪ್ಪ ಬರದ ಮುಖ?”

“ನಂದು ಅದು.”

ನೀಲಳಿಗೆ ಅರ್ಥವಾಗಲಿಲ್ಲ.

“ಗೊಂಬಿ ಮುಖ ಎಲ್ಲಾದಕ್ಕಿಂತ ಕಡೀಗೆ ಬರೀತಾರ, ಗೊತ್ತೈತೆಲ್ಲ? ಆವತ್ತ ಮೈಯೆಲ್ಲ ಮುಗದಿತ್ತು, ಮುಖ ಉಳದಿತ್ತು. ಕೈ ಸುಟ್ಟ ಮರುದಿನ ನಾ ಬೆಣ್ಣಿ ಹಚ್ಚಿಕೊಂಡು ಮೂಲ್ಯಾಗ ಕುಂತಿದ್ದೆ. ಅಂವ ಗೊಂಬಿ ತಂದು ನನ್ನ ಎದುರಿಗೆ ಕುಂತ. ಕುಂಚ ತಗೊಂಡ. ನನ್ನ ನೋಡೂದು, ಬರಿಯೂದು. ನೋಡೂದು, ಬರಿಯೂದು. ನಾ ರೆಪ್ಪಿ ಎತ್ತಲಿಲ್ಲ. ಎತ್ತು ಅಂತ ಅಂವನೂ ಅನ್ನಲಿಲ್ಲ.”

ಮಡುವಿನಲ್ಲಿ ಅಜ್ಜ ಒಮ್ಮೆ ಮುಳುಗಿ ಎದ್ದ. ಕೈಯಲ್ಲಿ ಬರೀ ಕೆಸರು ಇತ್ತು.

“ಬರದು ಮುಗಿಸಿ ನೋಡು ಅಂದ. ನಾ ನೋಡಲಿಲ್ಲ. ಹೊಟ್ಟಿ ಉರೀತಿತ್ತು. ಅವತ್ತ ಮನಿ ಬಿಟ್ಟೆ. ಆಮ್ಯಾಲ ಮಂದಿ ಬಂದು ಹೇಳೂದು, ಹುಲಿಗೆವ್ವಾ, ಆ ಸೀತಮ್ಮ ಪರದಿಗೆ ಬಂದ್ರ ಊರಿಗೂರ ಅಳತೈತಿ ಅಂತ. ಅಳಲಿ ಬಿಡು ಅಂತಿದ್ದೆ.”

“ಮತ್ತ ಈಗ ಯಾಕ ಬಂದ್ರಿ?”

“ಜನುಮದಾಗ ಅಂವ ನನ್ನ ಮುಖ ನೆಟ್ಟಗ ನೋಡಿದ್ದು ಅದೊಂದ ದಿನ. ಅಂವಗ ಏನು ಕಂಡಿತ್ತು ಅಂತ ನನಗೂ ಒಂದ ಸಲ ನೋಡಬೇಕಾಗಿತ್ತು.”

ನೀಲ ಮೊಣಕಾಲಿಗೆ ಹಣೆ ಹಚ್ಚಿದಳು.

ಹುಲಿಗೆವ್ವ ಹೇಳುತ್ತಲೇ ಇದ್ದಳು, ಯಾರಿಗೂ ಅಲ್ಲ ಎಂಬ ಹಾಗೆ. “ಪರದಿ ಮುಂದ ಕುಂತು ನಾ ಆಟಾನ ನೋಡಿಲ್ಲ. ನಮ್ಮಂಥಾವರು ಹಿಂದ. ಎಣ್ಣಿ ಹಾಕಾಕ, ತಾಳ ಹೊಡಿಯಾಕ. ನಾ ಕೊರದದ್ದು ಮುಂದ ಹೆಂಗ ಹೊಳೀತಿತ್ತು ಅಂತ ಬ್ಯಾರೆಯಾವರ ಬಾಯಿಲೆ ಕೇಳಬೇಕಾಗಿತ್ತು.”

“ಇಷ್ಟು ವರ್ಷ ಒಬ್ಬರೂ ಕರೀಲಿಲ್ಲೇನ್ರಿ?”

“ಯಾರು ಕರೀಬೇಕು? ಇವ ಕರೀಬೇಕಾಗಿತ್ತು.” ಅವಳು ನೀರಿನ ಕಡೆ ಗಲ್ಲ ಎತ್ತಿ ದನಿ ಏರಿಸಿದಳು. “ಆವತ್ತ ನನಗ ಬೆಣ್ಣಿ ತಂದುಕೊಟ್ಟಾಂವ ಇವನ! ಬೆಣ್ಣಿ ತಂದ, ಬಾಯಿ ತರಲಿಲ್ಲ!”

“ಹೌದವ್ವ,” ಎಂದ ಅಜ್ಜ ನೀರೊಳಗಿಂದ. ಮತ್ತೆ ಮುಳುಗಿದ.

“ಮೊನ್ನಿ ಬಂದು ಬಾಗಿಲಾಗ ನಿಂತ. ಒಬ್ಬಾಕಿ ಹುಡಿಗಿ ಒಂದು ಪ್ರಶ್ನಿ ಕೇಳ್ಯಾಳ, ನನ್ನ ಹತ್ರ ಉತ್ತರ ಇಲ್ಲ, ನೀ ಬಾ ಅಂದ. ನಮ್ಮ ಮಂದ್ಯಾಗೂ ಕೇಳಾಕಿ ಒಬ್ಬಾಕಿ ಹುಟ್ಟ್ಯಾಳಲ್ಲ ಅಂತ ಖುಷಿಲೆ ಬಂಡಿ ಹತ್ತಿದೆ.”

ನೀಲ ಅವಳ ಕಡೆ ತಿರುಗಿದಳು.

“ನನ್ನ ಬೈರಿ ಅವ್ವಾ. ಹೊಡೀರಿ ಬೇಕಾದ್ರ.”

“ಬೈದ್ರ ನಿನಗ ಹಗುರ ಆಗತೈತಿ. ನನಗೇನು ಸಿಗತೈತಿ?”

ಹೊತ್ತು ಇಳಿಯುವ ಮೊದಲು ಅಜ್ಜನ ಕಾಲಿಗೆ ಕಲ್ಲು ತಗಲಿತು.

ಅವನು ತಂದ ಗಂಟನ್ನು ದಡದಲ್ಲಿ ಬಿಚ್ಚಿದರು. ತೊಗಲು ನೆನೆದ ಹಪ್ಪಳದ ಹಾಗೆ ಉಬ್ಬಿ ಮುದುಡಿತ್ತು. ಕೆಂಪು ಇರಲಿಲ್ಲ, ಹಸಿರು ಇರಲಿಲ್ಲ. ಮುಖವಿದ್ದ ಕಡೆ ಒಂದು ಗೆರೆಯೂ ಇರಲಿಲ್ಲ.

ಹುಲಿಗೆವ್ವ ಬಗ್ಗಿ ನೋಡಿದಳು. ಎಡಗೈಯಿಂದ ಒಂದು ತೋಳನ್ನು ಎತ್ತಿ, ಅದರ ಮೇಲಿನ ಮರಳು ಊದಿದಳು.

ಅಜ್ಜ ನೆರಳಿನಲ್ಲಿ ಹಲಗೆ ಹಾಕಿದ. ತೊಗಲನ್ನು ಎಳೆದು ಸುತ್ತಲೂ ಜಾಲಿಮುಳ್ಳು ಚುಚ್ಚತೊಡಗಿದ. ಚಳಿಗೆ ಅವನ ಗದ್ದ ನಡುಗುತ್ತಿತ್ತು.

ನೀಲ ಕಂಬಕ್ಕೆ ಒರಗಿ ನಿಂತಿದ್ದಳು. ಹತ್ತಿರ ಹೋಗಲು ಮುಖವಿರಲಿಲ್ಲ.

“ಅಜ್ಜಾ, ನಾ ಮಠ ಬಿಟ್ಟು ಹೋಗ್ಲೇನ್ರಿ?”

“ಆ ಮೂಲಿ ಎಳದು ಹಿಡಿ,” ಎಂದ ಅಜ್ಜ. “ಮುದುಡಿ ಒಣಗಿದ್ರ ಆಮ್ಯಾಲ ಬಿಚ್ಚೂದಿಲ್ಲ.”

ಅವಳು ಬಂದು ಕೂತು ಮೂಲೆ ಎಳೆದು ಹಿಡಿದಳು. ಬೆರಳು ನೋಯುವವರೆಗೆ ಹಿಡಿದಳು.

ಮರುದಿನ ಸಂಜೆ ಪರದೆ ಕಟ್ಟಿದರು.

ಹುಲಿಗೆವ್ವ ಮುಂದೆ, ಮರಳಿನ ಮೇಲೆ, ನೀಲ ಹಾಸಿದ ಕಂಬಳಿಯಲ್ಲಿ ಕೂತಳು. ಬೇರೆ ಯಾರೂ ಇರಲಿಲ್ಲ. ಅಜ್ಜ ದೀಪ ಹಚ್ಚಿದ. ನೀಲ ಹೊಸ ದಾರದಲ್ಲಿ ತೋಳು ಕೂಡಿಸಿದ್ದಳು. ಅವಳು ಸೀತೆಯನ್ನು ಪರದೆಗೆ ತಾಗಿಸಿ ಹಿಡಿದಳು.



“ಎಡಗೈ ಒಂದೀಟು ಎತ್ತು,” ಎಂದಳು ಹುಲಿಗೆವ್ವ.

ನೀಲ ಎತ್ತಿದಳು.

“ಹಾಂ. ಬಳಿ ಛಲೋ ಬಂದಾವ. ಮೂರನೇದು ಸೊಟ್ಟ ಆಗೇತಿ. ಸೊಟ್ಟ ಆಗೇತಿ ಅಂತ ಆವತ್ತ ಅನ್ನಿಸಿತ್ತು ನನಗ.”

ಅವಳು ನಕ್ಕ ಹಾಗಾಯಿತು.

“ಇಷ್ಟು ಹೊಳೀತಿತ್ತೇನು ಇದು! ಗೌಡರು ಕೇಳಿದ್ದು ತಪ್ಪಲ್ಲ ಬಿಡು.”

ಪರದೆಯ ಮೇಲೆ ಸೀತೆಯ ಒಡವೆಯೆಲ್ಲ ನಡುಗಿತು.

“ಮುಖ ಇಲ್ಲ,” ಎಂದಳು ಹುಲಿಗೆವ್ವ ಮೆಲ್ಲಗೆ.

ನೀಲ ತಡೆಯಲಾರದೆ ಪರದೆಯ ಹಿಂದಿನಿಂದಲೇ ಹೇಳಿದಳು. “ನಾ ಬರೀತೀನ್ರಿ ಅವ್ವಾ! ದಿನಾ ನೋಡೀನಿ ನಾ ಅದನ್ನ. ಹಂಗ ಬರೀತೀನಿ, ಒಂದು ಗೆರಿ ಹೆಚ್ಚುಕಮ್ಮಿ ಆಗದಂಗ.”

“ಹಂಗ ಬರಿಯಾಕ ನೀನೂ ಯಾರದರ ಕೈ ಸುಡಬೇಕಾಗತೈತಿ ತಂಗಿ. ಬ್ಯಾಡ ಬಿಡು.”

ನೀಲಳ ಕಣ್ಣಿನಿಂದ ನೀರು ಸುರಿಯಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

“ಛಲೋ ಬರದಿದ್ದನೇನು?” ಎಂದು ಕೇಳಿದಳು ಹುಲಿಗೆವ್ವ.

ನೀಲ ಸುಳ್ಳು ಹೇಳಬಹುದಿತ್ತು. ಅಜ್ಜನ ಮುಖ ನೋಡಿದಳು. ಅವನು ದೀಪವನ್ನೇ ನೋಡುತ್ತಿದ್ದ.

“ಛಲೋ ಬರದಿದ್ದ್ರಿ ಅವ್ವಾ,” ಎಂದಳು. “ಭಾಳ ಛಲೋ ಬರದಿದ್ದ.”

“ಹಾಳಾಗಿಹೋಗ್ಲಿ ಅಂವನ ಕೈ,” ಎಂದಳು ಹುಲಿಗೆವ್ವ. ಆಮೇಲೆ ಮೂಗು ಸೀಟಿಕೊಂಡಳು. “ಆತು, ಸುರು ಮಾಡ್ರಿ. ಅಷ್ಟು ದೂರದಿಂದ ಬಂದೀನಿ. ಆಟ ನೋಡದ ಹೋಗೂದಿಲ್ಲ.”

ಅಜ್ಜ ತಾಳ ಎತ್ತಿಕೊಂಡ.

ನೀಲ ಗಂಟಲು ಸರಿಮಾಡಿಕೊಂಡು ಹಾಡಿದಳು. ಗಣಪನ ಹೆಸರು ಹೇಳಿದಳು. ಸರಸ್ವತಿಯ ಹೆಸರು ಹೇಳಿದಳು. ಕೊನೆಯ ಸಾಲಿಗೆ ಬಂದಳು.

“ಸೀತಮ್ಮಗೆ...”

ದನಿ ಅಲ್ಲೇ ನಿಂತಿತು. ತಾಳವೂ ನಿಂತಿತು.

ಈ ಸಲ ಅಜ್ಜ ಬತ್ತಿ ಸರಿಮಾಡಲು ಬಗ್ಗಲಿಲ್ಲ. ನೆಟ್ಟಗೆ ಕೂತು ಅವಳನ್ನೇ ನೋಡುತ್ತಿದ್ದ.

ನೀಲ ಪಿಸುದನಿಯಲ್ಲಿ ಕೇಳಿದಳು. “ಅಜ್ಜಾ, ಇನ್ನ ಯಾರ ಕೈಗೆ ಶರಣು ಅನ್ಲಿ?”

“ಆಕಿ ಪರದಿ ಆಚಿ ಕುಂತಾಳ,” ಎಂದ ಅಜ್ಜ. “ನನ್ನ ಯಾಕ ಕೇಳ್ತಿ ನೀಲಾ?”